ನಮ್ಮ ಕೂಟದಲ್ಲಿ ಬಿಲ್ಲು ಬಾಣಕ್ಕೆ ಹೊಸ ನಿಯಮ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಪ್ರತಿ ವರ್ಷ, ಬಿಲ್ಲು ಬಾಣ ಮಾಡಿ ಮಾರುವ ನಮ್ಮ ಸಂಘದ ಅಂಗಳದಲ್ಲಿ ನಡೆಯುವ ಬಿಲ್ಲುಗಾರರ ಕೂಟಕ್ಕೆ ಇಷ್ಟು ದಿನ ನಿಯಮವೇ ಇರಲಿಲ್ಲ. "ನಿಮ್ಮ ಬಿಲ್ಲು ತಗೊಂಡು ಬನ್ನಿ, ಹೊಡೆಯಿರಿ" ಅಂತಷ್ಟೇ ಹೇಳುತ್ತಿದ್ದೆವು. ಈ ಸಲದಿಂದ ಬಿದಿರಿನ ಬಿಲ್ಲಿನ ಸಾಲಿನಲ್ಲಿ ಕಾರ್ಬನ್ ಬಾಣ ಹಾಕುವಂತಿಲ್ಲ. ಬಿದಿರಿನ ಬಿಲ್ಲಿಗೆ ಅಂತ ಕಾರ್ಬನ್ ಬಾಣ ಮಾರುವುದನ್ನೂ ನಾವು ನಿಲ್ಲಿಸಿದ್ದೇವೆ.

ಹೋದ ವರ್ಷದ ಕೂಟಕ್ಕೆ ಬಂದವರಿಗೆ ನೆನಪಿರಬಹುದು. ಒಬ್ಬ ಹುಡುಗ ಬಾಣ ಬಿಟ್ಟ ಕೂಡಲೇ ಅವನ ಬಿಲ್ಲಿನ ಮೇಲಿನ ತೋಳು (ಹಿಡಿಯಿಂದ ಮೇಲಿನ ಬಾಗುವ ಭಾಗ) ಸೀಳಿತು. ಅವನಿಗೆ ಏನೂ ಆಗಲಿಲ್ಲ, ಸದ್ಯ. ಆದರೆ ಆ ಸದ್ದು ನಮ್ಮ ಕಿವಿಯಲ್ಲಿ ಈಗಲೂ ಇದೆ. ಬಿಲ್ಲು ನಾವೇ ಮಾಡಿದ್ದು, ಬಾಣ ನಾವೇ ಮಾರಿದ್ದು. ತಪ್ಪು ನಮ್ಮದೇ.

ಆಮೇಲೆ ಆ ಕಾರ್ಬನ್ ಬಾಣ ತೂಗಿ ನೋಡಿದೆವು. 13 ಗ್ರಾಂ ಇತ್ತು. ಬಿಲ್ಲಿನ ಎಳೆತ, ಅಂದರೆ ಅದನ್ನು ಪೂರ್ತಿ ಎಳೆಯಲು ಬೇಕಾದ ಬಲ, 30 ಪೌಂಡ್. ಮರ, ಬಿದಿರಿನ ಬಿಲ್ಲು ಮಾಡುವವರಲ್ಲಿ ಒಂದು ಹಳೆಯ ಲೆಕ್ಕ ಇದೆ: ಪ್ರತಿ ಪೌಂಡ್ ಎಳೆತಕ್ಕೆ ಬಾಣದಲ್ಲಿ 10 ಗ್ರೇನ್ (ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ) ತೂಕ ಇರಬೇಕು. ಅಂದರೆ 30 ಪೌಂಡ್ ಬಿಲ್ಲಿಗೆ ಮೊನೆ, ಗರಿ ಎಲ್ಲ ಸೇರಿ ಹತ್ತಿರ ಹತ್ತಿರ 19.5 ಗ್ರಾಂ. ಬಿಲ್ಲು ಎಳೆದಾಗ ಅದರಲ್ಲಿ ತುಂಬಿದ ಶಕ್ತಿಯನ್ನು ಬಾಣ ಹೊತ್ತುಕೊಂಡು ಹೋಗಬೇಕು. ಹಗುರ ಬಾಣಕ್ಕೆ ಅಷ್ಟು ಹೊರಲು ಆಗುವುದಿಲ್ಲ. ಮಿಕ್ಕಿದ್ದು ಬಿಲ್ಲಿನ ತೋಳಿಗೇ ತಿರುಗಿ ಬಡಿಯುತ್ತದೆ. ಬಾಣ ಹೂಡದೆ ಬರೀ ಹೆದೆ ಎಳೆದು ಬಿಡಬೇಡಿ ಅಂತ ಮೊದಲ ದಿನವೇ ಹೇಳುತ್ತೇವಲ್ವಾ? ಇದೂ ಸುಮಾರಾಗಿ ಅದೇ.

ಹೆದೆಗೂ ಇದೇ ಮಾತು. ಹಿಗ್ಗದ ಹೊಸ ನಮೂನೆಯ ದಾರ ಬಾಣಕ್ಕೆ ವೇಗ ಕೊಡುತ್ತದೆ ನಿಜ, ಆದರೆ ಬಿದಿರಿನ ತುದಿಯ ಕಚ್ಚನ್ನು ಕೊರೆದುಹಾಕುತ್ತದೆ. ನಮ್ಮ ಬಿಲ್ಲಿಗೆ ಸ್ವಲ್ಪ ಹಿಗ್ಗುವ ಡೇಕ್ರಾನ್ (ಪಾಲಿಯೆಸ್ಟರ್ ದಾರದ) ಹೆದೆ ಮಾತ್ರ ಕಟ್ಟಿ.

ಉಳಿದ ನಿಯಮಗಳನ್ನು ಬರೆಯುವಾಗ ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ಲಾಂಗ್‌ಬೋ (ಹಳೆಯ ಶೈಲಿಯ ಉದ್ದ ಬಿಲ್ಲು) ವಿಭಾಗವನ್ನು ಮುಂದಿಟ್ಟುಕೊಂಡೆವು. ಅಲ್ಲಿ ಬಾಣದ ಕಡ್ಡಿ ಮರದ್ದೇ ಆಗಿರಬೇಕು, ಗರಿ ಹಕ್ಕಿಯದ್ದೇ ಆಗಿರಬೇಕು. ಗುರಿ ನೋಡುವ ಸೈಟ್ ಇಲ್ಲ, ಬಿಲ್ಲು ಅಲುಗದಂತೆ ಸಿಕ್ಕಿಸುವ ಸ್ಟೆಬಿಲೈಸರ್ ಇಲ್ಲ. ಹೆದೆ ಕಟ್ಟಿದಾಗ ಅದು ತುದಿಯ ಕಚ್ಚು ಬಿಟ್ಟು ಬಿಲ್ಲಿನ ಬೇರೆಲ್ಲೂ ತಾಗಬಾರದು. ಇದನ್ನೆಲ್ಲ ನಾವು ಹಾಗೇ ತೆಗೆದುಕೊಂಡಿದ್ದೇವೆ. ಕಡ್ಡಿ ಮರದ್ದಾದರೂ ಸರಿ, ಬಿದಿರಿನದಾದರೂ ಸರಿ. ಗಂಡಸರ ಬಿಲ್ಲು 160, ಹೆಂಗಸರದು 150 ಸೆಂ.ಮೀ.ಗೆ ಕಡಿಮೆ ಇರಬಾರದು ಅನ್ನುವ ಅಳತೆಯನ್ನು ಮಾತ್ರ ಬಿಟ್ಟೆವು. ನಮ್ಮಲ್ಲಿಗೆ ಬರುವ ಮಕ್ಕಳ ಬಿಲ್ಲು ಅಷ್ಟು ಉದ್ದ ಇರುವುದಿಲ್ಲ. ಅವರನ್ನು ಹೊರಗಿಟ್ಟು ಕೂಟ ಮಾಡುವ ಮನಸ್ಸು ನಮಗಿಲ್ಲ.

ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಿದ ಬಿಲ್ಲಿನ ವಿಷಯದಲ್ಲಿ ಸಂಘದೊಳಗೇ ಜೋರು ಚರ್ಚೆ ಆಯಿತು. ಅದು ಸಂಪ್ರದಾಯದ ಬಿಲ್ಲೇ ಅಲ್ಲ ಅಂತ ಹಿರಿಯರು. ಹಾಗಂತ ಕೊಂಡವರನ್ನು ಬರಬೇಡಿ ಅನ್ನುವುದು ಹೇಗೆ ಅಂತ ಉಳಿದವರು. ಭೂತಾನಿನಲ್ಲಿ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ ಹೊಸ ಕಾಲದ ಬಿಲ್ಲು) ಬಂದ ಮೇಲೆ ಬಿದಿರಿನ ಬಿಲ್ಲಿಗೆ ಅಂತಲೇ ಬೇರೆ ಪಂದ್ಯಗಳನ್ನು ಇಟ್ಟುಕೊಂಡಿದ್ದಾರೆ. ಕೊರಿಯಾದ ಸಂಪ್ರದಾಯದ ಬಿಲ್ಲುಗಾರಿಕೆಯಲ್ಲಿ ಹೊಸ ಸಾಮಗ್ರಿಯ ಬಿಲ್ಲಿಗೂ ಜಾಗ ಇದೆ. ಆದರೆ ಮೇಲಿನ ದರ್ಜೆಗೆ ಏರಬೇಕಾದರೆ ಕೊಂಬಿನ ಬಿಲ್ಲು, ಬಿದಿರಿನ ಬಾಣವೇ ಬೇಕು. ಹೀಗೆ ಎರಡಕ್ಕೂ ಬೇರೆ ಬೇರೆ ಜಾಗ ಕೊಡುವುದು ನಮಗೆ ಸರಿ ಅನ್ನಿಸಿತು. ಫೈಬರ್‌ಗ್ಲಾಸ್ ಬಿಲ್ಲಿಗೆ ಬೇರೆ ಸಾಲು, ಬೇರೆ ಬಹುಮಾನ. ಆ ಸಾಲಿನಲ್ಲಿ ಕಾರ್ಬನ್ ಬಾಣಕ್ಕೂ ಅಡ್ಡಿ ಇಲ್ಲ.

ಬಿದಿರಿನ ಬಾಣಕ್ಕೆ ಯಾಕೆ ಜಾಸ್ತಿ ಬೆಲೆ ಅಂತ ಕೆಲವರು ಕೇಳಿದ್ದೀರಿ. ಒಂದೊಂದು ಕಡ್ಡಿಯನ್ನೂ ಕೆಂಡದ ಮೇಲೆ ಕಾಯಿಸಿ ನೆಟ್ಟಗೆ ಮಾಡಬೇಕು. ಆಮೇಲೆ 66 ಸೆಂ.ಮೀ. ದೂರದ ಎರಡು ಗೂಟಗಳ ಮೇಲಿಟ್ಟು, ನಡುವೆ 2 ಪೌಂಡ್ ತೂಗುಹಾಕಿ, ಎಷ್ಟು ಬಾಗುತ್ತದೆ ಅಂತ ನೋಡಬೇಕು. ಒಂದೇ ರೀತಿ ಬಾಗುವ ಆರು ಕಡ್ಡಿ ಸಿಕ್ಕರೆ ಒಂದು ಸೆಟ್. ಒಂದು ಬಾಣದ ಮೂರೂ ಗರಿ ಒಂದೇ ಕಡೆಯ ರೆಕ್ಕೆಯದ್ದಾಗಿರಬೇಕು, ಇಲ್ಲದಿದ್ದರೆ ಬಾಣ ಸರಿಯಾಗಿ ಸುತ್ತುವುದಿಲ್ಲ. ಇದೆಲ್ಲ ಕೈಕೆಲಸ. ಬೆಲೆ ಇಳಿಸಲು ನಮಗೆ ದಾರಿ ಕಾಣಲಿಲ್ಲ.

ಆದರೆ ನಮ್ಮಿಂದ ಕಾರ್ಬನ್ ಬಾಣ ಕೊಂಡವರು ಅದರ ಹೊರೆ ಹೊರಬಾರದು. ಯುಗಾದಿಯೊಳಗೆ ಆ ಬಾಣ ತಂದುಕೊಡಿ, ಅಷ್ಟೇ ಬಿದಿರಿನ ಬಾಣ ಕೊಡುತ್ತೇವೆ. ಬೆಲೆಯ ವ್ಯತ್ಯಾಸ ಕೇಳುವುದಿಲ್ಲ. ರಸೀದಿ ಇಲ್ಲದಿದ್ದರೂ ಪರವಾಗಿಲ್ಲ, ನಮ್ಮ ಬಾಣ ನಮಗೆ ಗುರುತು ಸಿಗುತ್ತದೆ.

ಇನ್ನೊಂದು ಮಾತು. ಇವು ನಮ್ಮ ಕೂಟದ ನಿಯಮಗಳು ಅಷ್ಟೇ. ಮಕ್ಕಳನ್ನು ಇಂಡಿಯನ್ ರೌಂಡ್ (ನಮ್ಮ ದೇಶದ ಬಿದಿರು, ಮರದ ಬಿಲ್ಲುಗಳ) ಪಂದ್ಯಗಳಿಗೆ ಕಳಿಸುವವರು ಅಲ್ಲಿನ ನಿಯಮವನ್ನು ಆಯೋಜಕರ ಹತ್ತಿರವೇ ಕೇಳಿಕೊಂಡು ಆಮೇಲೆ ಸಾಮಾನು ಕೊಳ್ಳಿ.

ಕೂಟದ ದಿನ ಒಂದು ಗಂಟೆ ಮೊದಲೇ ಬನ್ನಿ. ಪ್ರತಿ ಬಿಲ್ಲಿನ ಎಳೆತ ಅಳೆಯುತ್ತೇವೆ, ಪ್ರತಿ ಬಾಣ ತೂಗುತ್ತೇವೆ, ಬಾಗಿಸಿ ಬಿರುಕು ನೋಡುತ್ತೇವೆ. ಹಗುರ ಬಾಣ ತಂದವರಿಗೆ ಅವತ್ತಿನ ಮಟ್ಟಿಗೆ ನಮ್ಮ ಬಾಣ ಕೊಡುತ್ತೇವೆ, ಯಾರನ್ನೂ ವಾಪಸ್ ಕಳಿಸುವುದಿಲ್ಲ. ನಿಮ್ಮ ಬಿಲ್ಲಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಹೆದೆ ಬಿಚ್ಚಿಟ್ಟು ನಮಗೆ ಫೋನ್ ಮಾಡಿ.

ನಿಮ್ಮವರು,
ಸಂಘದ ಬಿಲ್ಲು ಕೆಲಸಗಾರರು