ಏಪ್ರಿಲ್ 1ರಂದು ಹುಟ್ಟಿದ ಗೆಳೆಯನಿಗೆ

ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಆಫೀಸಿನಲ್ಲಿ ಯಾರಾದರೂ ಹುಟ್ಟಿದ ದಿನ ಕೇಳಿದರೆ, ಏಪ್ರಿಲ್ ಫೂಲ್ ಅಂತ ನಗುತ್ತಾರೆಂದು, ಸುಮ್ನೆ ಮಾರ್ಚ್ 31 ಅಂತ ಹೇಳಿಬಿಡುತ್ತೀಯಂತೆ. ಧಾರವಾಡದ ಹಾಸ್ಟೆಲ್ ನೆನಪಾಯಿತು. ಪೇಡಾ ಡಬ್ಬಿಯನ್ನು ದಾರ ಕಟ್ಟಿ ನಿನ್ನ ಕೈಗೆ ಕೊಟ್ಟಿದ್ದರು, ಬಿಚ್ಚಿದರೆ ಒಳಗೆ ಜಲ್ಲಿಕಲ್ಲು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದು ತಪ್ಪು ಮಾರಾಯಾ.

ನೀನು ನಮ್ಮ ಹಾವೇರಿಯವನು. ಈ ತಾರೀಖು ನಮಗೆ ಬೇರೆಯೇ. ಈಗ ನಮ್ಮ ರೈಲ್ವೆ ಸ್ಟೇಷನ್ನಿಗೆ ಮೈಲಾರ ಮಹಾದೇವಪ್ಪನವರ ಹೆಸರಿದೆ, ಅಲ್ವಾ? ಮೋಟೆಬೆನ್ನೂರಿನ ಹುಡುಗ. 1930ರ ಮಾರ್ಚ್ 12ಕ್ಕೆ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆಗಿದ್ದವರಲ್ಲಿ ಕರ್ನಾಟಕದವರು ಇವರೊಬ್ಬರೇ, ವಯಸ್ಸು ಇನ್ನೂ 18. ಸುಮಾರು 385 ಕಿಲೋಮೀಟರ್, ಉರಿಬಿಸಿಲು, 24 ದಿನ. ಆ ವಯಸ್ಸಿನಲ್ಲಿ ನಾವು ಸಪ್ತಾಪುರದಿಂದ ಕಾಲೇಜಿಗೆ ನಡೆಯೋದಕ್ಕೇ ಗೊಣಗುತ್ತಿದ್ದೆವು. ಅವರ ಹೆಂಡತಿ ಸಿದ್ದಮ್ಮನವರೂ ಜೈಲಿಗೆ ಹೋಗಿ ಬಂದವರು, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ, ನನಗೆ ಅದೇ ಬೇಜಾರು.

1943ರ ಏಪ್ರಿಲ್ 1. ಹೊಸರಿತ್ತಿಯ ಗುಡಿಯಲ್ಲಿ ಬ್ರಿಟಿಷ್ ಸರ್ಕಾರ ರೈತರಿಂದ ವಸೂಲಿ ಮಾಡಿದ ಕಂದಾಯದ ಹಣ ಇಟ್ಟಿತ್ತು, ಪೊಲೀಸ್ ಕಾವಲು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಹೋದಾಗ ಗುಂಡು ಹಾರಿತು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಹೋದರು. ಮಹಾದೇವಪ್ಪನವರಿಗೆ ಆಗ 31. ಈ ಸಲ ನಿನಗೂ 31 ತುಂಬುತ್ತದೆ. ಲೆಕ್ಕ ಹಾಕಿದಾಗ ನನಗೆ ಮೈ ಜುಂ ಅಂದಿತು.

ಇನ್ನೊಂದು ಕೇಳು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ್ದು 1907ರ ಏಪ್ರಿಲ್ 1. ಅವರು ಸನ್ಯಾಸ ತೆಗೆದುಕೊಂಡಿದ್ದೂ ಅದೇ 1930ರ ಮಾರ್ಚ್‌ನಲ್ಲಿ. ಒಬ್ಬರು ಉಪ್ಪಿಗಾಗಿ ನಡೆದರು, ಇನ್ನೊಬ್ಬರು ಸಾವಿರಾರು ಮಕ್ಕಳಿಗೆ ಊಟ ಹಾಕಿ ಓದಿಸುತ್ತಾ 111 ವರ್ಷ ಬದುಕಿದರು. ರಿಸರ್ವ್ ಬ್ಯಾಂಕ್ ಶುರುವಾಗಿದ್ದೂ 1935ರ ಇದೇ ದಿನ, ನೀನು ಬ್ಯಾಂಕಿನವನು, ಗೊತ್ತಿರಬೇಕು.

ಈ ಸಲ ರಜೆ ಹಾಕಿ ಬಾ. ಹೊಸರಿತ್ತಿಗೆ ಇಬ್ಬರೂ ಬೈಕಿನಲ್ಲಿ ಹೋಗೋಣ, ವರದಾ ನದಿ ದಂಡೆಯಲ್ಲಿ ಸ್ವಲ್ಪ ಹೊತ್ತು ಕೂತು ಬರೋಣ. ನಾನು ಸ್ಟೇಷನ್ನಿನಲ್ಲಿ ಕಾಯುತ್ತೇನೆ, ಕೈಯಲ್ಲಿ ಪೇಡಾ ಡಬ್ಬಿ ಇರುತ್ತದೆ. ಅಲ್ಲೇ ನಿನ್ನ ಎದುರಿಗೇ ಬಿಚ್ಚಿ ಮೊದಲನೇದು ನಿನ್ನ ಬಾಯಿಗೆ ಹಾಕುತ್ತೇನೆ.

ನಿನ್ನ ದೋಸ್ತ