ದರಗು ಬಿಟ್ಟುಕೊಟ್ಟ ಮನೆಗಳಿಗೆ

ಆಗುಂಬೆ ಸುತ್ತಿನ ಕಾಳಿಂಗ ಸರ್ಪದ ಗೂಡುಗಳಿಂದ ಈ ವರ್ಷದ ಮರಿಗಳು ಕಾಡು ಸೇರಿವೆ. ಗೂಡಿಗೆಂದು ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸದೆ ಬಿಟ್ಟುಕೊಟ್ಟ ಬೆಟ್ಟ, ಹಿತ್ತಲು, ತೋಟದಂಚಿನ ಮನೆಯವರಿಗೆಲ್ಲ ಗೂಡು ಕಾಯುವ ನಮ್ಮ ಬಳಗದ ಮನಸಾರೆ ವಂದನೆ.

ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಕಟ್ಟಿದ ಮಳೆಕಾಡು ಸಂಶೋಧನಾ ಕೇಂದ್ರದ ಜಾಗ ಕೆಲವೇ ಎಕರೆ. 2008ರಿಂದ ರೇಡಿಯೊ ಟ್ರಾನ್ಸ್‌ಮಿಟರ್ ಹಾಕಿ ಹಿಂಬಾಲಿಸಿದ ಹಾವುಗಳು ಅದರಾಚೆಯ ಕಾಡು, ಹಳ್ಳ, ತೋಟಗಳಲ್ಲೆಲ್ಲ ಓಡಾಡಿದವು. ಪಶ್ಚಿಮ ಘಟ್ಟದ ಈ ಹಾವು ಬೇರೆಯೇ ಪ್ರಭೇದವೆಂದು 2024ರಲ್ಲಿ ಗೊತ್ತಾಗಿ, ಓಫಿಯೋಫೇಗಸ್ ಕಾಳಿಂಗ ಎಂದು ಹೆಸರಾಯಿತು. ಇಲ್ಲಿ ಕಳೆದುಕೊಂಡರೆ ಇನ್ನೆಲ್ಲಿಂದಲೂ ತರುವಂತಿಲ್ಲ.

ನೀವು ಬಿಟ್ಟುಕೊಟ್ಟ ದರಗು ಸಣ್ಣ ಮಾತಲ್ಲ. ಬೇಸಿಗೆಯಲ್ಲಿ ಗುಡಿಸಿ ತಂದದ್ದೇ ಮಳೆಗಾಲವಿಡೀ ಕೊಟ್ಟಿಗೆಗೆ ಹಾಸು, ಆಮೇಲೆ ಅಡಕೆ ಮರಕ್ಕೆ ಗೊಬ್ಬರ. ಅದೇ ಹೊತ್ತಿಗೆ, ಏಪ್ರಿಲ್ ಆಚೀಚೆ, ಹೆಣ್ಣು ಕಾಳಿಂಗ ಮೈಸುರುಳಿಯಿಂದ ಎಲೆ ಎಳೆದೆಳೆದು ಗುಪ್ಪೆ ಮಾಡಿ ಮೊಟ್ಟೆಯಿಡುತ್ತದೆ. ಒತ್ತಾಗಿ ಕೂತ ದಪ್ಪ ಗುಪ್ಪೆಯ ಮೇಲ್ಪದರ ನೀರನ್ನು ಪಕ್ಕಕ್ಕೆ ಜಾರಿಸುತ್ತದೆ. ಎಲೆ ಸಾಲದೆ ತೆಳುವಾದರೆ ಜೂನ್ ಮಳೆ ನೇರ ಮೊಟ್ಟೆಗಿಳಿದು ಎಲ್ಲ ಕೊಳೆಯುತ್ತದೆ. ಬಿದಿರ ಮೆಳೆಯ ಬುಡ ಗುಡಿಸದೆ ಬಿಟ್ಟು, ಬದಲಿಗೆ ಅಡಕೆ ಸೋಗೆ ಕೊಚ್ಚಿ ಹಾಸಿದವರಿಗೆ ನಾವು ಋಣಿ.

ಗೂಡು ಕಂಡಕೂಡಲೆ ಫೋನ್ ಮಾಡಿದಿರಿ, ಮೊಟ್ಟೆ ಮುಟ್ಟಲಿಲ್ಲ. ಭ್ರೂಣ ಚಿಪ್ಪಿನ ಒಳಮೈಗೆ ಅಂಟಿದ ಮೇಲೆ ಮೊಟ್ಟೆ ಮಗುಚಿದರೆ ಅದು ಸಾಯಬಹುದು. ಗೂಡನ್ನು ಇದ್ದಲ್ಲೇ ಕಾಯುವುದು ಅದಕ್ಕೇ. ತಾಯಿಯನ್ನು ಹಿಡಿದು ದೂರ ಬಿಟ್ಟುಬನ್ನಿ ಎಂದು ಯಾರೂ ಪಟ್ಟು ಹಿಡಿಯಲಿಲ್ಲ. ದೂರ ಬಿಟ್ಟ ಕಾಳಿಂಗ ಗುರುತಿಲ್ಲದ ಜಾಗದಲ್ಲಿ ದಿಕ್ಕುಗೆಟ್ಟು ಅಲೆಯುತ್ತದೆ. ಎರಡೂವರೆ ಮೂರು ತಿಂಗಳು ಮಕ್ಕಳನ್ನು, ನಾಯಿಗಳನ್ನು ಅತ್ತ ಬಿಡದೆ, ದನದ ದಾರಿ ಬದಲಿಸಿ ನಡೆದುಕೊಂಡಿರಿ. ಮನೆ ಹತ್ತಿರ ಅಂಥ ಹಾವಿದ್ದಾಗ ಇಷ್ಟು ತಾಳ್ಮೆ ಸುಲಭವಲ್ಲ.

ಮರಿ ಹೊರಬರುವ ದಿನ ಹತ್ತಿರವಾದಾಗ ಅರಣ್ಯ ಇಲಾಖೆಯ ಅನುಮತಿಯಂತೆ ಗೂಡಿನ ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಕೆಳಅಂಚನ್ನು ಮಣ್ಣಿನಲ್ಲಿ ಹೂಳದಿದ್ದರೆ ಬೆರಳು ದಪ್ಪದ ಮರಿ ನುಸುಳಿ ಅಂಗಳಕ್ಕೆ ಬರುತ್ತದೆ; ಹುಟ್ಟುವಾಗಲೇ ಅದಕ್ಕೆ ವಿಷವಿರುತ್ತದೆ. ಜಡಿಮಳೆಯಲ್ಲಿ, ಇಂಬಳ ಕಚ್ಚಿಸಿಕೊಂಡು ಬಲೆ ಕಾದ ಇಲಾಖೆಯ ವಾಚರ್‌ಗಳಿಗೆ, ಅವರಿಗೆ ಹೊತ್ತುಹೊತ್ತಿಗೆ ಕಷಾಯ ಕಾಯಿಸಿಕೊಟ್ಟ ಅಮ್ಮಂದಿರಿಗೆ ವಿಶೇಷ ಧನ್ಯವಾದ.

ಬಲೆ ಬಿಚ್ಚಿದ್ದೇವೆ. ಒಡೆಯದೆ ಉಳಿದ ಮೊಟ್ಟೆಗಳನ್ನೂ ನೋಡಿಯಾಗಿದೆ; ಗೂಡಿನ ಎಲೆ ಬೇಕಾದವರು ಇನ್ನು ಒಯ್ಯಬಹುದು. ಮುಂದಿನ ಬೇಸಿಗೆಗೆ ಯಾವ ಯಾವ ಮೆಳೆ ಬಿಡುವುದೆಂದು ದೀಪಾವಳಿ ಕಳೆದ ಮೇಲೆ ಕೂತು ಮಾತಾಡೋಣ.