ಕತ್ತೆಯ ರಕ್ತದ ರಿಪೋರ್ಟ್ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ. ದುಡಿಯುವ ಕತ್ತೆಗಳ ರಕ್ತದ ರಿಪೋರ್ಟ್ ಇಲ್ಲಿ ಹಾಕುವಾಗ, ಕೆಲಸ ಮುಗಿದು ಎಷ್ಟು ಹೊತ್ತಿಗೆ ರಕ್ತ ತೆಗೆದದ್ದು ಅಂತ ದಯವಿಟ್ಟು ಬರೆಯಿರಿ. ಭಾರ ಇಳಿಸಿದ ಕೂಡಲೇ ತೆಗೆದರೆ ಲ್ಯಾಕ್ಟೇಟ್ (ಸ್ನಾಯು ಜೋರಾಗಿ ದುಡಿದಾಗ ರಕ್ತಕ್ಕೆ ಸೇರುವ ವಸ್ತು) ಜಾಸ್ತಿ ಕಾಣಬಹುದು. ಸುಧಾರಿಸಿಕೊಂಡ ಮೇಲೆ ಇಳಿಯುತ್ತದೆ. ಸ್ನಾಯುವಿನ ಸಿಕೆ ಕಿಣ್ವ ಹಾಗಲ್ಲ, ಕೆಲವು ಗಂಟೆ ಬಿಟ್ಟು ಏರುತ್ತದೆ. ಎಎಸ್‌ಟಿ ಅನ್ನೋ ಇನ್ನೊಂದು ಕಿಣ್ವ ಏರುವುದು ಇನ್ನೂ ನಿಧಾನ. ಕತ್ತೆಯ ನಂಬರ್‌ಗಳನ್ನು ಕುದುರೆಯ ನಂಬರ್‌ಗಳಿಗೆ ಹೋಲಿಸಬೇಡಿ.

ನನಗೆ ಹೆಚ್ಚು ಚಿಂತೆ ನೀರಿನದು. ಕತ್ತೆ ಬಾಯಾರಿಕೆ ತಡೆಯುವ ಪ್ರಾಣಿ. ಮೈಯಲ್ಲಿ ನೀರು ಕಡಿಮೆಯಾದರೂ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಬೇಗ ಏರುವುದಿಲ್ಲ. ನಂಬರ್ ಸರಿ ಇದೆ ಅಂತ ಸುಮ್ನಿರಬೇಡಿ. ದುಡಿದು ಬಂದ ಕತ್ತೆ ಮೇವು ಮೂಸಿ ಹಾಗೇ ಬಿಟ್ಟರೆ, ರಕ್ತದಲ್ಲಿ ಕೊಬ್ಬು ಏರಿ ಜೀವಕ್ಕೇ ಅಪಾಯವಾಗಬಹುದು. ಅವತ್ತೇ ಪಶುವೈದ್ಯರಿಗೆ ತೋರಿಸಿ, ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) ನೋಡಲು ಹೇಳಿ.